ನೇರ ಟಿಕೆಟ್ ಯಾರಿಗೆ ಸಿಗಬೇಕು?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ಕಾನ್ಫರೆನ್ಸ್‌ನ (ಕಾಲೇಜುಗಳ ಗುಂಪಿನ) ತಂಡಗಳು ತಮ್ಮತಮ್ಮಲ್ಲೇ ಎರಡು ತಿಂಗಳಿಗೂ ಜಾಸ್ತಿ ಲೀಗ್ ಆಡುತ್ತವೆ. ಮಾರ್ಚ್‌ನಲ್ಲಿ ಕೆಲವೇ ದಿನಗಳ ನಾಕೌಟ್ ಟೂರ್ನಿ. ಅದನ್ನು ಗೆದ್ದವರಿಗೆ ಎನ್‌ಸಿಎಎ ಟೂರ್ನಿಗೆ, ಅಂದರೆ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ, ನೇರ ಪ್ರವೇಶ. ಲೀಗ್‌ನಲ್ಲಿ ಮೊದಲು ಬಂದವರಿಗೆ ಆ ಹಕ್ಕಿಲ್ಲ. ಇದು ಸರಿಯೇ?

ಪರ: ಕೊನೆಯವರೆಗೂ ಬಾಗಿಲು ತೆರೆದಿರಲಿ

2024ರ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಟೂರ್ನಿ ನೋಡಿ. ನಾರ್ತ್ ಕೆರೊಲಿನಾ ಸ್ಟೇಟ್ ತಂಡ ಲೀಗ್‌ನ ಕೊನೆಯ ನಾಲ್ಕೂ ಪಂದ್ಯ ಸೋತು, ಹತ್ತನೇ ಶ್ರೇಯಾಂಕ ಹಿಡಿದುಕೊಂಡು ವಾಷಿಂಗ್ಟನ್‌ಗೆ ಬಂದಿತ್ತು. ಕಪ್ ಬೇಕಿದ್ದರೆ ಐದು ದಿನದಲ್ಲಿ ಐದು ಪಂದ್ಯ ಗೆಲ್ಲಬೇಕು. ಸೆಮಿಫೈನಲ್‌ನ ಕೊನೆ ಗಳಿಗೆಯಲ್ಲೂ ವರ್ಜೀನಿಯಾ ಮೂರು ಅಂಕ ಮುಂದಿತ್ತು. ಆಗ ಮೈಕೆಲ್ ಒ'ಕಾನೆಲ್ ದೂರದಿಂದ ಎಸೆದ ಚೆಂಡು ಬೋರ್ಡಿಗೆ ಬಡಿದು, ರಿಂಗಿನ ಮೇಲೆ ಸುತ್ತಿ ಒಳಗೆ ಬಿತ್ತು. ಓವರ್‌ಟೈಮ್‌ನಲ್ಲಿ ಗೆದ್ದರು. ಮರುದಿನ ಫೈನಲ್‌ನಲ್ಲಿ ಲೀಗ್ ಗೆದ್ದಿದ್ದ ನಾರ್ತ್ ಕೆರೊಲಿನಾವನ್ನೇ 84-76ರಿಂದ ಮಣಿಸಿದರು.

ಸುಮ್ನೆ ಅದೃಷ್ಟ ಅನ್ನೋಣವೇ? ಅದೇ ತಂಡ ಮುಂದೆ ಎನ್‌ಸಿಎಎ ಸೆಮಿಫೈನಲ್‌ವರೆಗೂ ಹೋಯಿತು. ಜನವರಿಯಲ್ಲಿ ತಡಕಾಡುತ್ತಿದ್ದ ಹುಡುಗರು ಮಾರ್ಚ್‌ನಲ್ಲಿ ಬೇರೆಯೇ ತಂಡವಾಗಿರಬಹುದು. ಇನ್ನೊಂದು ಮಾತು: ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಎಲ್ಲರೂ ಎಲ್ಲರ ಜೊತೆ ಸಮನಾಗಿ ಆಡುವುದಿಲ್ಲ. ಒಬ್ಬರಿಗೆ ಸುಲಭದ ಎದುರಾಳಿಗಳು, ಇನ್ನೊಬ್ಬರಿಗೆ ಕಷ್ಟದವರು. ಅಂಥ ಅಂಕಪಟ್ಟಿಯನ್ನೇ ಕೊನೆಯ ತೀರ್ಪು ಅನ್ನುವುದು ಹೇಗೆ?

ವಿರೋಧ: ಒಂದು ಕೆಟ್ಟ ರಾತ್ರಿಗೆ ಇಷ್ಟು ದೊಡ್ಡ ಬೆಲೆಯೇ?

ಎಸಿಸಿ ದೊಡ್ಡವರ ಕೂಟ. ನಾರ್ತ್ ಕೆರೊಲಿನಾ ಸೋತರೂ, ಎನ್‌ಸಿಎಎ ಟೂರ್ನಿಯ ಉಳಿದ ಜಾಗಗಳಿಗೆ ತಂಡ ಆರಿಸುವ ಆಯ್ಕೆ ಸಮಿತಿ ಅದನ್ನು ಕರೆದೇ ಕರೆಯಿತು. ಸಣ್ಣ ಕಾನ್ಫರೆನ್ಸ್‌ಗಳಿಗೆ ಸಾಮಾನ್ಯವಾಗಿ ಸಿಗುವುದು ಒಂದೇ ಜಾಗ. ಅಲ್ಲಿ ಸೋತರೆ ಮುಗಿಯಿತು.

ಐವಿ ಲೀಗ್ ಎಂಬ ಕಾನ್ಫರೆನ್ಸ್ ಬಹಳ ವರ್ಷ ಟೂರ್ನಿಯೇ ಬೇಡ ಎಂದು ಲೀಗ್ ಗೆದ್ದವರನ್ನೇ ಕಳಿಸುತ್ತಿತ್ತು. 2017ರಲ್ಲಿ ಅದೂ ಟೂರ್ನಿ ಶುರುಮಾಡಿತು. ಆ ವರ್ಷ ಪ್ರಿನ್ಸ್‌ಟನ್ ಲೀಗ್‌ನ 14 ಪಂದ್ಯಗಳನ್ನೂ ಗೆದ್ದಿತ್ತು. ಸೆಮಿಫೈನಲ್‌ನಲ್ಲಿ ಎದುರಿಗಿದ್ದದ್ದು 6 ಗೆದ್ದು 8 ಸೋತಿದ್ದ ಪೆನ್ (ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ). ಆಟ ನಡೆದದ್ದು ಪೆನ್‌ನದೇ ಅಂಗಳವಾದ ಪ್ಯಾಲೆಸ್ಟ್ರಾದಲ್ಲಿ! ಕೊನೆಯ ಕೆಲವು ಸೆಕೆಂಡು ಉಳಿದಿದ್ದಾಗಲೂ ಪ್ರಿನ್ಸ್‌ಟನ್ ಹಿಂದಿತ್ತು. ಗುರಿ ತಪ್ಪಿದ ಚೆಂಡನ್ನು ತಟ್ಟಿ ಒಳಹಾಕಿ ಹೇಗೋ ಸಮ ಮಾಡಿಕೊಂಡು, ಓವರ್‌ಟೈಮ್‌ನಲ್ಲಿ ಬಚಾವಾಯಿತು. ಆ ಒಂದು ಚೆಂಡು ಬೀಳದಿದ್ದರೆ 14 ಗೆಲುವಿಗೂ ಬೆಲೆಯಿರುತ್ತಿರಲಿಲ್ಲ. ಇದು ನ್ಯಾಯ ಅಲ್ಲ.

ಐಪಿಎಲ್‌ನಲ್ಲೂ ಪ್ಲೇಆಫ್ ಇದೆ ಅಲ್ವಾ ಎನ್ನಬಹುದು. ಆದರೆ ಅಲ್ಲಿ ಮೊದಲ ಎರಡು ಸ್ಥಾನದವರು ಒಮ್ಮೆ ಸೋತರೂ ಇನ್ನೊಂದು ಅವಕಾಶ ಉಂಟು.

1974ರಲ್ಲಿ ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದ ಮೇರಿಲ್ಯಾಂಡ್, ಎಸಿಸಿ ಫೈನಲ್‌ನಲ್ಲಿ ಓವರ್‌ಟೈಮ್‌ನಲ್ಲಿ 103-100ರಿಂದ ಸೋತು ಮನೆಯಲ್ಲೇ ಉಳಿಯಿತು. ಮರುವರ್ಷವೇ ಎನ್‌ಸಿಎಎ ಟೂರ್ನಿ 32 ತಂಡಗಳಿಗೆ ಬೆಳೆದು, ಒಂದು ಕಾನ್ಫರೆನ್ಸ್‌ನಿಂದ ಒಂದಕ್ಕಿಂತ ಹೆಚ್ಚು ತಂಡಗಳಿಗೆ ದಾರಿಯಾಯಿತು. ದೊಡ್ಡವರ ಕಷ್ಟ ತೀರಿತು, ಸಣ್ಣವರದು ಹಾಗೇ ಉಳಿಯಿತು. ಟೂರ್ನಿ ನಡೆಯಲಿ, ಕಪ್ ಗೆದ್ದವರು ಸಂಭ್ರಮಿಸಲಿ. ಒಂದೇ ಟಿಕೆಟ್ ಇರುವ ಕಡೆ ಮಾತ್ರ ಅದನ್ನು ಲೀಗ್ ಗೆದ್ದವರಿಗೇ ಕೊಡಿ.