ನಕ್ಷೆಯಲ್ಲಿ ಎಲ್ಲ ಸರಿ ಉಂಟು

ರಾಜ್ಯದಲ್ಲಿ ಅತ್ಯಂತ ಶಿಸ್ತಾಗಿ ಬೆಳೆದ ನಗರ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಕಣ್ಣು ಮುಚ್ಚಿ ಮಂಗಳೂರು ಅನ್ನುತ್ತೇನೆ. ಕಣ್ಣು ಮುಚ್ಚುವುದು ಇಲ್ಲಿ ಮುಖ್ಯ. ತೆರೆಯಲೇಬೇಕು ಎಂದಿದ್ದರೆ ದಯವಿಟ್ಟು ಕಿಟಕಿಯಾಚೆ ನೋಡಬೇಡಿ. ಬಿಜೈಯಲ್ಲೋ ಕದ್ರಿಯಲ್ಲೋ ಎದ್ದು ನಿಂತ ಯಾವುದಾದರೊಂದು ಕಟ್ಟಡದ ಅನುಮೋದಿತ ನಕ್ಷೆ ತರಿಸಿ, ಮೇಜಿನ ಮೇಲೆ ಹರಡಿ, ಮಡಚಿಕೊಳ್ಳದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು ನೋಡಿ.

ಎಂಥ ಚಂದ ಮಾರಾಯ್ರೆ! ಕಟ್ಟಡದ ಸುತ್ತ ಅಳತೆ ತಪ್ಪದ ಸೆಟ್‌ಬ್ಯಾಕ್, ಅಂದರೆ ಬಿಡಲೇಬೇಕಾದ ಖಾಲಿ ಜಾಗ. ಅದರಲ್ಲಿ ದುಂಡು ದುಂಡಗಿನ ಮರಗಳು, ಎಲ್ಲವೂ ಒಂದೇ ಗಾತ್ರ, ಒಂದೂ ಎಲೆ ಉದುರಿಸುವುದಿಲ್ಲ. ನೆಲದಡಿಯಲ್ಲಿ ಬೇಸ್‌ಮೆಂಟು. ಅಲ್ಲಿ ಕಾರುಗಳು ಒಂದರ ಪಕ್ಕ ಒಂದು, ಪರೀಕ್ಷೆಗೆ ಕೂತ ಮಕ್ಕಳ ಹಾಗೆ, ಗೆರೆ ದಾಟದೆ ಕೂತಿವೆ. ರ‍್ಯಾಂಪಿನ ಮೇಲೆ ಒಳಹೋಗುವವರಿಗೊಂದು ಬಾಣ, ಹೊರಬರುವವರಿಗೊಂದು ಬಾಣ. ಮೂಲೆಯಲ್ಲಿ ಮಳೆನೀರಿನ ಇಂಗುಗುಂಡಿ. ಎದುರಿನ ರಸ್ತೆ ಎಷ್ಟು ಅಗಲವಿರಬೇಕೋ ಅಷ್ಟು ಅಗಲ. ಕೆಳಗೆ ನಾಲ್ಕಾರು ಸಹಿ, ಒಂದು ದುಂಡು ಮೊಹರು.

ಈಗ ಬೇಕಾದರೆ ಅದೇ ಕಟ್ಟಡಕ್ಕೆ ಹೋಗಿ, ಬಾಣ ತೋರಿಸಿದ ಕಡೆಯೇ ಇಳಿಯಿರಿ. ಮೊದಲು ಸಿಗುವುದು ಬಂಗುಡೆ ಫ್ರೈಯ ಪರಿಮಳ. ಆಮೇಲೆ ‘ಎಸಿ ರೂಮ್ ಇದೆ’ ಎಂಬ ಬೋರ್ಡು. ನಕ್ಷೆಯಲ್ಲಿ ಎಂಟನೇ ಕಾರು ನಿಂತಿದ್ದಲ್ಲಿ ಕೈ ತೊಳೆಯುವ ಬೇಸಿನ್, ಒಂಬತ್ತನೆಯದು ನಿಂತಿದ್ದಲ್ಲಿ ಕ್ಯಾಶ್ ಕೌಂಟರ್. ಊಟ ಚೆನ್ನಾಗಿರುತ್ತದೆ, ಅದರ ಬಗ್ಗೆ ತಕರಾರಿಲ್ಲ. ಬೇಸ್‌ಮೆಂಟಿನಲ್ಲಿ ಉಣ್ಣುವವನ ಕಾರು ಫುಟ್‌ಪಾತಿನಲ್ಲಿ, ಫುಟ್‌ಪಾತಿನಲ್ಲಿ ನಡೆಯಬೇಕಾದವನು ರಸ್ತೆಯಲ್ಲಿ, ರಸ್ತೆಯಲ್ಲಿ ಹೋಗಬೇಕಾದ ಸಿಟಿ ಬಸ್ಸು ಅವನ ಬೆನ್ನ ಹಿಂದೆ ಹಾರನ್ ಒತ್ತುತ್ತಾ ನಿಂತಿರುತ್ತದೆ. ಅಷ್ಟೇ.

ಎರಡು ಮೂರು ವರ್ಷಕ್ಕೊಮ್ಮೆ ಈ ವಿಷಯ ಯಾರಿಗಾದರೂ ತಟ್ಟನೆ ನೆನಪಾಗುತ್ತದೆ. ಬೇಸ್‌ಮೆಂಟುಗಳ ಮೇಲೆ ಕಾರ್ಯಾಚರಣೆ ಶುರು. ಪತ್ರಿಕೆಯಲ್ಲಿ ಜೆಸಿಬಿಯ ಫೋಟೋ, ಪಕ್ಕದಲ್ಲಿ ಕೈಕಟ್ಟಿ ನಿಂತ ಅಧಿಕಾರಿಗಳು, ಹಿಂದೆ ಮೊಬೈಲ್ ಎತ್ತಿ ಹಿಡಿದ ಊರ ಜನ. ಒಂದು ಗೋಡೆ ಬೀಳುತ್ತದೆ. ಹದಿನೈದು ದಿನ ಕಳೆದರೆ ಅದೇ ಜಾಗದಲ್ಲಿ ಪ್ಲೈವುಡ್ಡಿನ ಗೋಡೆ ಏಳುತ್ತದೆ. ಹೋದ ಸಲ ಕಲ್ಲಿನದ್ದು ಕಟ್ಟಿ ನಷ್ಟವಾಯಿತಲ್ಲ, ವ್ಯಾಪಾರಿಗೂ ಬುದ್ಧಿ ಬರಬೇಡವೇ?

ಇಷ್ಟೆಲ್ಲ ನೋಡಿ ‘ಕಾನೂನು ಎಲ್ಲಿ ಸತ್ತಿದೆ?’ ಎಂದು ಕೂಗಾಡುವವರುಂಟು. ಪಾಪ, ಅವರಿಗೆ ಗೊತ್ತಿಲ್ಲ. ಕಾನೂನು ಗಟ್ಟಿಮುಟ್ಟಾಗಿಯೇ ಉಂಟು. ಅದು ಎಂದೋ ದರಪಟ್ಟಿಯಾಗಿ ಗೋಡೆಗೆ ನೇತುಬಿದ್ದಿದೆ, ನಾವು ಇನ್ನೂ ಅದನ್ನು ಎಚ್ಚರಿಕೆಯ ಬೋರ್ಡು ಎಂದೇ ಓದುತ್ತಿದ್ದೇವೆ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಒಪ್ಪಿಕೊಳ್ಳುವ ‘ಸಕ್ರಮ’ ಯೋಜನೆಯನ್ನೇ ತೆಗೆದುಕೊಳ್ಳಿ. 2014ರ ನಿಯಮದಲ್ಲಿ ಲೆಕ್ಕ ಸ್ಪಷ್ಟವಿತ್ತು: ವಾಸದ ಮನೆಯಾದರೆ ಶೇ. 50ರ ತನಕ ಉಲ್ಲಂಘನೆ ನಡೆಯುತ್ತದೆ, ವಾಣಿಜ್ಯ ಕಟ್ಟಡವಾದರೆ ಶೇ. 25. ಅಂದರೆ ಮನೆಯನ್ನು ಅರ್ಧಕ್ಕರ್ಧ ತಪ್ಪಾಗಿ ಕಟ್ಟಿದರೂ ಪಾಸು. ನಮ್ಮ ಎಸ್ಸೆಸ್ಸೆಲ್ಸಿ ಬೋರ್ಡು ಕೂಡ ಇಷ್ಟು ಉದಾರಿಯಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ತಡೆ ಸಿಕ್ಕಿದ್ದು ಯೋಜನೆಗೆ, ಮಹಡಿಗಳಿಗಲ್ಲ. ಅವು ತಮ್ಮ ಪಾಡಿಗೆ ಎದ್ದವು.

ಆಮೇಲೆ ಬಂತು ಬಿ ಖಾತೆ. 2025ರ ಫೆಬ್ರವರಿಯಿಂದ ಮೂರು ತಿಂಗಳ ಅಭಿಯಾನ. ಅನುಮೋದನೆ ಇಲ್ಲದ ಬಡಾವಣೆಯ ನಿವೇಶನವೇ? ಪರವಾನಗಿ ಇಲ್ಲದ ಕಟ್ಟಡವೇ? ಬನ್ನಿ, ಒಂದು ಸಲ ಎರಡು ಪಟ್ಟು ತೆರಿಗೆ ಕಟ್ಟಿ, ಮುಂದಿನ ವರ್ಷದಿಂದ ಎಲ್ಲರಂತೆ ಕಟ್ಟುತ್ತಾ ಹೋಗಿ. ಹಾಗೆಂದು ಕಟ್ಟಡ ಸಕ್ರಮವಾಯಿತು ಎಂದು ತಿಳಿಯಬೇಡಿ. ಅದು ಅಕ್ರಮವೇ, ಆದರೆ ಅದರದ್ದೊಂದು ಖಾತೆ ಉಂಟು, ರಶೀದಿ ಉಂಟು, ತೆರಿಗೆ ಬಾಕಿ ಇಲ್ಲ. ಸಮಾಜದಲ್ಲಿ ಇಷ್ಟು ಮರ್ಯಾದೆ ಇರುವ ಅಕ್ರಮವನ್ನು ಬೇರೆ ಎಲ್ಲಿ ಕಾಣುತ್ತೀರಿ? ಬಡವರು ಮೋಸದ ಬಡಾವಣೆಯಲ್ಲಿ ಸೈಟು ತೆಗೆದು ಸಿಕ್ಕಿಹಾಕಿಕೊಂಡದ್ದು ನಿಜ, ಅವರಿಗೊಂದು ದಾರಿ ಬೇಕಾಗಿದ್ದದ್ದೂ ನಿಜ. ಆದರೆ ಅವರ ಹೆಸರಲ್ಲಿ ತೆರೆದ ಬಾಗಿಲಿನಲ್ಲಿ ಮೊದಲು ಯಾರು ನುಗ್ಗುತ್ತಾರೆ ಎಂದು ಈ ಊರಿನವರಿಗೆ ಹೇಳಿಕೊಡಬೇಕೇ?

ಈ ವ್ಯವಸ್ಥೆಯಲ್ಲಿ ನಿಜವಾದ ಸಂಕಟ ನಿಯಮ ಪಾಲಿಸುವವನದ್ದು. ಐದು ಸೆಂಟ್ಸ್ ಜಾಗದಲ್ಲಿ ಒಂದು ಸಣ್ಣ ಮನೆ ಕಟ್ಟಬೇಕೆಂದು ಹೊರಟವನಿಗೆ ಮೊದಲು ಕನ್ವರ್ಷನ್, ಆಮೇಲೆ ಏಕನಿವೇಶನ, ಆಮೇಲೆ ಖಾತೆ, ಆಮೇಲೆ ಲೈಸೆನ್ಸ್, ಮನೆ ಮುಗಿದ ಮೇಲೆ ಡೋರ್ ನಂಬರ್. ಒಂದೊಂದಕ್ಕೂ ಒಂದೊಂದು ಕಚೇರಿ, ಒಂದೊಂದು ಕಚೇರಿಯಲ್ಲೂ ‘ಸರ್ವರ್ ಡೌನ್.’ ಆ ಮನುಷ್ಯ ಫೈಲು ಕಂಕುಳಲ್ಲಿ ಇಟ್ಟುಕೊಂಡು ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಿದ್ದರೆ ಪಕ್ಕದಲ್ಲಿ ಬ್ರೋಕರ್ ಬಂದು ಕೂರುತ್ತಾನೆ.

‘ಎಂತ ಸರ್, ಪೇಪರ್ ಎಲ್ಲ ಸರಿ ಮಾಡಿಯೇ ಕಟ್ಟುವುದಾ?’

‘ಹೌದು ಮಾರಾಯ, ಮತ್ತೆ ತೊಂದರೆ ಬೇಡ ಅಂತ.’

‘ಮಗಳಿಗೆ ಈಗ ಎಷ್ಟು ವರ್ಷ?’

‘ಎಂಟು.’

‘ಹಾಗಾದ್ರೆ ಅವಳ ಮದುವೆಗಾಗುವಾಗ ಗೃಹಪ್ರವೇಶ ಆದೀತು. ಒಟ್ಟಿಗೇ ಮಾಡಬಹುದು, ಖರ್ಚು ಕಡಿಮೆ. ನನ್ನ ಮಾತು ಕೇಳಿದ್ರೆ, ಮೊದಲು ಕಟ್ಟಿ ಬಿಡಿ ಸರ್. ಮತ್ತೆ ನೋಡುವ.’

‘ಮತ್ತೆ ನೋಡುವ’ ಎಂಬ ಈ ಎರಡು ಶಬ್ದಗಳ ಮೇಲೆ ನಗರದ ಅರ್ಧ ಭಾಗ ನಿಂತಿದೆ, ಅಡಿಪಾಯ ಗಟ್ಟಿಯಾಗಿಯೇ ಉಂಟು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ನಿಯಮದಂತೆ ಕಟ್ಟಿ ಮುಗಿಸಿದ್ದಾರೆ ಎಂಬ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಎಂದಿತು. ಒಳ್ಳೆಯ ತೀರ್ಪು. ಅದರ ಬಿಸಿ ಮೊದಲು ತಟ್ಟಿದ್ದು ಯಾರಿಗೆ? ಎಲ್ಲ ಸರಿಯಾಗಿ ಕಟ್ಟಿ, ಒಂದು ಸಹಿಗೆ ಕಾಯುತ್ತಾ, ತಾತ್ಕಾಲಿಕ ಸಂಪರ್ಕದ ದುಬಾರಿ ದರದಲ್ಲಿ ಫ್ಯಾನ್ ತಿರುಗಿಸುವ ಐದು ಸೆಂಟ್ಸಿನವನಿಗೆ. ಬೇಸ್‌ಮೆಂಟಿನ ಎಸಿಗೆ ಕರೆಂಟು ಎಂದೋ ಬಂದಾಗಿದೆ.

ಇನ್ನು ರಸ್ತೆ. ನಿಮ್ಮ ಅಂಗಳದಿಂದ ಎರಡು ಮೀಟರ್ ಬೇಕು ಎನ್ನುತ್ತಾರೆ. ದುಡ್ಡು ಕೇಳಿದರೆ ದುಡ್ಡಿಲ್ಲ, ಟಿಡಿಆರ್ ಉಂಟು. ಅಂದರೆ ನೆಲ ಕೊಟ್ಟವನಿಗೆ ಒಂದು ಕಾಗದ, ಆ ಕಾಗದ ತೋರಿಸಿ ಅವನೋ ಅದನ್ನು ಕೊಂಡ ಇನ್ನೊಬ್ಬನೋ ನಿಯಮಕ್ಕಿಂತ ಹೆಚ್ಚು ಎತ್ತರಕ್ಕೆ ಕಟ್ಟಬಹುದು. ಅಜ್ಜ ನೆಟ್ಟ ಹಲಸಿನ ಮರ ಹೋಯಿತು, ಬದಲಿಗೆ ಆಕಾಶದಲ್ಲಿ ಒಂದು ತುಂಡು ಸಿಕ್ಕಿತು. ಪಕ್ಕದ ಮನೆಯವರು ಒಪ್ಪಲಿಲ್ಲವಾದ್ದರಿಂದ ರಸ್ತೆ ಅವರ ಕಾಂಪೌಂಡಿನ ತನಕ ಬಂದು, ಮೈ ಕುಗ್ಗಿಸಿ, ಮುಂದೆ ಹೋಗಿ ಪುನಃ ಅಗಲವಾಗುತ್ತದೆ. ಅಗಲವಾದ ಭಾಗದ ನಟ್ಟನಡುವೆ ಕರೆಂಟು ಕಂಬ. ಕಂಬ ತೆಗೆಯುವುದು ನಮ್ಮ ಕೆಲಸವಲ್ಲ ಎಂದು ಒಬ್ಬರು, ದುಡ್ಡು ಕಟ್ಟಿದರೆ ತೆಗೆಯುತ್ತೇವೆ ಎಂದು ಇನ್ನೊಬ್ಬರು. ಮಧ್ಯೆ ಕಂಬಕ್ಕೆ ಯಾರೋ ಪುಣ್ಯಾತ್ಮರು ಕೆಂಪು ರಿಬ್ಬನ್ ಸುತ್ತಿದ್ದಾರೆ. ಈಗ ಅದು ಟ್ರಾಫಿಕ್ ಡಿವೈಡರ್.

ಹಂಪನಕಟ್ಟೆಯ ಕ್ಲಾಕ್ ಟವರಿನ ಕಥೆಯಂತೂ ಈ ಊರಿನ ಅಭಿವೃದ್ಧಿಯ ಪೂರ್ತಿ ಪಠ್ಯಪುಸ್ತಕ. 1990ರ ದಶಕದಲ್ಲಿ, ರಸ್ತೆ ಅಗಲವಾಗಬೇಕು ಎಂದು ಹಳೆಯ ಗಡಿಯಾರ ಗೋಪುರವನ್ನು ಕೆಡವಿದರು. ಅಭಿವೃದ್ಧಿಯಾಯಿತು. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಸ್ಮಾರ್ಟ್ ಆಗಬೇಕಾದರೆ ಏನು ಬೇಕು? ಹಂಪನಕಟ್ಟೆಯಲ್ಲೊಂದು ಗಡಿಯಾರ ಗೋಪುರ. ಪುನಃ ಕಟ್ಟಿದರು. ಪುನಃ ಅಭಿವೃದ್ಧಿಯಾಯಿತು. ಮುಂದೊಂದು ದಿನ ಟ್ರಾಫಿಕ್ ಜಾಸ್ತಿಯಾಗಿ ಅದನ್ನು ಕೆಡವಿದರೆ ಮೂರನೇ ಸಲ ಅಭಿವೃದ್ಧಿ. ಒಂದೇ ಜಾಗದಲ್ಲಿ ಇಷ್ಟೊಂದು ಪ್ರಗತಿ ಬೇರೆ ಯಾವ ಊರಿಗೂ ಸಾಧ್ಯವಾದ ಹಾಗಿಲ್ಲ. (ಪಂಪ್‌ವೆಲ್ ಮೇಲ್ಸೇತುವೆ ಸಿಟಿಯವರ ಕೆಲಸವಲ್ಲ, ಹೆದ್ದಾರಿಯವರದ್ದು. 2010ರಲ್ಲಿ ಶುರುವಾಗಿ 2020ರಲ್ಲಿ ಮುಗಿದ ಅದರ ಬಗ್ಗೆ ಊರಿನವರು ಆಗಲೇ ಬೇಕಾದಷ್ಟು ನಕ್ಕಾಗಿದೆ, ನಾನು ಬಿಡುತ್ತೇನೆ.)

ನೀರಿನ ವಿಷಯಕ್ಕೆ ಬಂದರೆ ನಗು ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಬಾಯಿ ಒಣಗಿರುತ್ತದಲ್ಲ. ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ ಬೀಳುವ ಊರು ಇದು. ಜುಲೈಯಲ್ಲಿ ಕೊಟ್ಟಾರ ಚೌಕಿಯಲ್ಲಿ ಸ್ಕೂಟರ್ ತೇಲುತ್ತದೆ. ಏಪ್ರಿಲ್ ಬಂತೆಂದರೆ ಇಡೀ ಊರು ಪೇಪರ್ ತೆಗೆದು ಮೊದಲು ನೋಡುವುದು ತುಂಬೆ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರು ಉಂಟು ಎಂದು. ಐಪಿಎಲ್ ಸ್ಕೋರು ಆಮೇಲೆ. 2019ರಲ್ಲಿ, 2023ರಲ್ಲಿ ಸರದಿ ಪ್ರಕಾರ ನೀರು ಬಿಟ್ಟದ್ದು ಎಲ್ಲರಿಗೂ ನೆನಪಿದೆ. ಎತ್ತರದ ಗುಡ್ಡದ ಮೇಲಿನವರಿಗೆ ಇನ್ನೂ ಚೆನ್ನಾಗಿ ನೆನಪಿದೆ. ಅವರ ಸರದಿ ಬರುವಾಗ ಪೈಪಿನಲ್ಲಿ ಮೊದಲು ಬರುವುದು ಗಾಳಿ. ನಳ್ಳಿ ಬುಸ್ಸೆನ್ನುತ್ತದೆ, ಬಕೆಟಿಗೆ ಹನಿ ಬಿದ್ದಿರುವುದಿಲ್ಲ, ಮೀಟರಿನ ಮುಳ್ಳು ಮಾತ್ರ ಜಾತ್ರೆಯ ತೊಟ್ಟಿಲಿನ ಹಾಗೆ ಗಿರ್ರೆಂದು ತಿರುಗುತ್ತದೆ. ಕಡಲ ಗಾಳಿಯನ್ನು ಮನೆ ಬಾಗಿಲಿಗೆ ತಂದುಕೊಟ್ಟು ಅದಕ್ಕೆ ಲೀಟರ್ ಲೆಕ್ಕದಲ್ಲಿ ಬಿಲ್ ಮಾಡುವ ಪದ್ಧತಿ ಬಂದರು ನಗರಿಗೆ ಒಪ್ಪುವಂಥದ್ದೇ.

ದರದಲ್ಲೂ ಜಾಣತನ ಉಂಟು. ಒಂದು ಕಾಲಕ್ಕೆ ತಿಂಗಳಿಗೆ 24,000 ಲೀಟರಿನ ತನಕ 65 ರೂಪಾಯಿ ಇತ್ತು. ದರ ಏರಿಸುವುದು ದಡ್ಡರ ದಾರಿ, ಜನ ಪ್ರತಿಭಟನೆಗೆ ಬರುತ್ತಾರೆ. ಪರಿಷ್ಕರಣೆಯಲ್ಲಿ ಆ ಕನಿಷ್ಠ ದರದ ಲೀಟರ್ ಮಿತಿಯನ್ನೇ ಕೆಳಗಿಳಿಸಿದರು. ಬಿಲ್ ಹಿಡಿದುಕೊಂಡು ಹೋದರೆ ‘ನೀವು ಜಾಸ್ತಿ ಬಳಸಿದ್ದೀರಿ’ ಎಂಬ ಉತ್ತರ ಸಿದ್ಧ. ನಾಲ್ಕು ಜನರ ಸಂಸಾರ ಸ್ನಾನ ಮಾಡುವುದು ದುಂದುಗಾರಿಕೆ ಎಂದು ನಮಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಹಳೆಯ ಮನೆಗಳಿಗೆಲ್ಲ ಒಂದೊಂದು ಬಾವಿ ಇತ್ತು. ಹಂಚಿನ ಮನೆ ಕೆಡವಿ ಹದಿನಾಲ್ಕು ಮಹಡಿ ಎಬ್ಬಿಸುವಾಗ ಆ ಬಾವಿಗೆ ಕೆಂಪು ಮಣ್ಣು ತುಂಬಿ, ಮೇಲೆ ಇಂಟರ್‌ಲಾಕ್ ಹಾಕಿ, ನಕ್ಷೆಯ ಮೂಲೆಯಲ್ಲಿ ಇಂಗುಗುಂಡಿ ಬರೆದರು. ಗುಂಡಿ ಇದೆಯೇ ಎಂದು ನೋಡಲು ಬಂದವರಿಗೆ ತೋರಿಸಲು ಟೆರೇಸಿನಿಂದ ಒಂದು ನಾಲ್ಕಿಂಚಿನ ಪಿವಿಸಿ ಪೈಪು ಇಳಿಸಿರುತ್ತಾರೆ. ಪೈಪಿಗೆ ಕ್ಲ್ಯಾಂಪ್ ಹೊಡೆದಿದ್ದಾರೆ, ಬಣ್ಣವನ್ನೂ ಬಳಿದಿದ್ದಾರೆ. ಅದು ನೆಲದಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ, ನಿಂತುಬಿಟ್ಟಿದೆ. ಮಳೆಗಾಲದಲ್ಲಿ ಅದರ ನೀರು ಇಂಟರ್‌ಲಾಕಿನ ಮೇಲೆ ಬಿದ್ದು, ಗೇಟು ದಾಟಿ, ಕಾಂಕ್ರೀಟ್ ರಸ್ತೆಯ ಮೇಲೆ ಹರಿದು ಕೆಳಗಿನ ಬೈಲಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಅದೇ ಗೇಟಿನಿಂದ ಟ್ಯಾಂಕರ್ ಒಳಗೆ ಬರುತ್ತದೆ. ಹಾಗೆಂದು ಮುಂದೆ ಚಿಂತೆಯಿಲ್ಲ, ದಿನದ 24 ಗಂಟೆ ನೀರು ಕೊಡಲು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ (ಎಡಿಬಿ) ಸಾಲದಲ್ಲಿ ‘ಜಲಸಿರಿ’ ಯೋಜನೆ ಉಂಟು. ಅದರ ಪೈಪು ಹಾಕಲು ಹೊಸ ಕಾಂಕ್ರೀಟ್ ರಸ್ತೆ ಕೊರೆದಿದ್ದಾರೆ. ನೀರು ಬರುವ ತನಕ ಆ ಹೊಂಡದಲ್ಲಿ ಮಳೆನೀರು ಇಂಗಬಹುದು.

ಎಲ್ಲದಕ್ಕೂ ಕಾಗದದಲ್ಲಿ ಒಂದು ಬಣ್ಣ ಉಂಟು. ನಗರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ವಸತಿ ಹಳದಿ, ವಾಣಿಜ್ಯ ನೀಲಿ, ಕೈಗಾರಿಕೆ ನೇರಳೆ, ಪಾರ್ಕು ಹಸಿರು. ಕಸಕ್ಕೆ ಮಾತ್ರ ಈ ಬಣ್ಣಗಳ ಪರಿಚಯ ಇರಲಿಲ್ಲ. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಡಂಪಿಂಗ್ ಯಾರ್ಡಿನಿಂದ ಇಳಿದು ಮಂದಾರದ ಮನೆಗಳನ್ನು, ಅಡಿಕೆ ತೋಟವನ್ನು ಮುಚ್ಚಿ ಕೂತಿತು. ಅಲ್ಲಿದ್ದವರು ಮನೆ ಬಿಟ್ಟು ಹೋದರು. ತೆರಿಗೆಯ ಜೊತೆ ಕಸದ ಸೆಸ್ ಅವರೂ ಕಟ್ಟಿರಬಹುದು, ನಾವಂತೂ ಈಗಲೂ ಕಟ್ಟುತ್ತೇವೆ. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗಲಿಲ್ಲ.

ಮಹಾಯೋಜನೆಗೆ ಸಾರ್ವಜನಿಕರ ಆಕ್ಷೇಪಣೆ ಕೇಳುವ ಕ್ರಮವೂ ಉಂಟು, ನಾವು ಪ್ರಜಾಪ್ರಭುತ್ವದವರು. ಗೋಡೆಗೆ ದೊಡ್ಡ ನಕ್ಷೆ ತೂಗುಹಾಕುತ್ತಾರೆ. ಅದರಲ್ಲಿ ನಿಮ್ಮ ಮನೆ ಸಾಸಿವೆ ಕಾಳಿಗಿಂತ ಸಣ್ಣದು. ಅಂಥದ್ದೊಂದು ಗೋಡೆಯ ಎದುರು ನಿವೃತ್ತ ಟೀಚರೊಬ್ಬರು ಕನ್ನಡಕ ಮೇಲೆ ಕೆಳಗೆ ಮಾಡಿ, ಬೆರಳಿಟ್ಟು, ಕೊನೆಗೂ ತಮ್ಮ ಮನೆ ಹುಡುಕಿದರು ಎನ್ನಿ. ಅದರ ಮೇಲೆ ಎರಡು ಗೆರೆ. 18 ಮೀಟರ್ ರಸ್ತೆ.

‘ಇದೆಂತದು ಸರ್, ನಮ್ಮ ಅಡಿಗೆ ಕೋಣೆಯಲ್ಲಿ ರಸ್ತೆ ಹೋಗ್ತದಲ್ಲ?’

‘ಹೆದರಬೇಡಿ ಟೀಚರ್, ಹೋದ ಪ್ಲಾನಿನಲ್ಲೂ ಇತ್ತು ಅದು. ಅಂಥ ರಸ್ತೆ ಎಲ್ಲ ಮಾಡುವುದಿಲ್ಲ. ನಕ್ಷೆಯಲ್ಲಿ ಮಾತ್ರ.’

‘ಅಬ್ಬ! ಹಾಗಾದ್ರೆ ಮಗನಿಗೆ ಮೇಲೆ ಒಂದು ರೂಮು ಕಟ್ಟಬಹುದಲ್ಲ?’

‘ಅದು ಹೇಗೆ ಆಗ್ತದೆ ಟೀಚರ್? ನೀವು ರಸ್ತೆಯಲ್ಲಿ ಇದ್ದೀರಿ.’