ಡಿಕ್ಕಿ ಹೊಡೆಯಲು ಕಾರಿಡಾರ್ ಖಾಲಿಯಿಲ್ಲ

ಲಂಡನ್ನಿನ ಒಂದು ಆಸ್ಪತ್ರೆ 2025ರ ಜನವರಿಯಲ್ಲಿ ನರ್ಸುಗಳು ಬೇಕಾಗಿದ್ದಾರೆ ಎಂದು ಜಾಹೀರಾತು ಕೊಟ್ಟಿತ್ತಲ್ಲ. ವಾರ್ಡಿಗಲ್ಲ, ಆಪರೇಷನ್ ಥಿಯೇಟರಿಗಲ್ಲ, ಕಾರಿಡಾರಿಗೆ. ನೀವೂ ಓದಿ ಪುಟ ತಿರುಗಿಸಿರುತ್ತೀರಿ. ನಾನೂ ತಿರುಗಿಸಿದವನೇ. ಅದು ಮತ್ತೆ ನೆನಪಾದದ್ದು ಮೊನ್ನೆ, ಅತ್ತಿಗೆಯ ಮನೆಯಲ್ಲಿ ಗೊಜ್ಜವಲಕ್ಕಿ ತಿನ್ನುತ್ತಿದ್ದಾಗ.

ಅತ್ತಿಗೆ, ಪಕ್ಕದ ಮನೆಯ ಇಬ್ಬರು, ಜೊತೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ರಿಟೈರಾದ ನಮ್ಮ ಚಿಕ್ಕಮ್ಮ, ಇಷ್ಟು ಜನ ತಿಂಗಳಿಗೊಮ್ಮೆ ಸೇರಿ ಹಳೇ ಮಿಲ್ಸ್ ಅಂಡ್ ಬೂನ್ ಇಂಗ್ಲಿಷ್ ಪ್ರೇಮಕಾದಂಬರಿ ಓದುತ್ತಾರೆ. ಅದರಲ್ಲೂ ಡಾಕ್ಟರ್–ನರ್ಸ್ ಪ್ರೇಮದ್ದೇ ಆಗಬೇಕು. ಕಾಲೇಜಿನ ದಿನಗಳಲ್ಲಿ ಬಾಡಿಗೆ ಲೈಬ್ರರಿಯಿಂದ ತಂದು ಕೆಮಿಸ್ಟ್ರಿ ರೆಕಾರ್ಡಿನೊಳಗೆ ಬಚ್ಚಿಟ್ಟು ಓದಿದವರು ಇವರು. ಈಗ ಅರವತ್ತು ದಾಟಿದ ಮೇಲೆ ನಡುಮನೆಯಲ್ಲೇ ಕೂತು ಗಟ್ಟಿಯಾಗಿ ಓದುತ್ತಾರೆ. ಹೆದರುವುದು ಯಾರಿಗೆ? ಗಂಡಂದಿರಿಗೆ ಕಿವಿ ಕೇಳಿಸುವುದಿಲ್ಲ.

ಈ ತಿಂಗಳದ್ದು ಬೆಟ್ಟಿ ನೀಲ್ಸ್ ಬರೆದ ಎಪ್ಪತ್ತರ ದಶಕದ ಪುಸ್ತಕ. ಈ ಮಹಾತಾಯಿಯೂ ನರ್ಸೇ. ಎರಡನೇ ಮಹಾಯುದ್ಧದಲ್ಲಿ ಸೇನೆಯ ಜೊತೆ ದುಡಿದವರು, ಡಚ್ಚರವನನ್ನು ಮದುವೆಯಾಗಿ ಹಾಲೆಂಡಿನಲ್ಲಿ ಸಂಸಾರ ಮಾಡಿದವರು. ರಿಟೈರಾದ ಮೇಲೆ ಲೈಬ್ರರಿಯಲ್ಲಿ ಯಾರೋ ಹೆಂಗಸು ಒಳ್ಳೇ ಪ್ರೇಮಕಾದಂಬರಿಯೇ ಸಿಗುವುದಿಲ್ಲ ಎಂದು ಗೊಣಗಿದ್ದು ಕಿವಿಗೆ ಬಿತ್ತಂತೆ, ಮನೆಗೆ ಹೋಗಿ ಬರೆಯಲು ಕೂತರಂತೆ. ಮೊದಲನೆಯದು ಬಂದದ್ದು 1969ರಲ್ಲಿ. 2001ರಲ್ಲಿ ತೀರಿಕೊಳ್ಳುವ ಹೊತ್ತಿಗೆ 130 ದಾಟಿತ್ತು. ನಮ್ಮಲ್ಲಿ ರಿಟೈರಾದವರೂ ಲೈಬ್ರರಿಗೆ ಹೋಗುತ್ತಾರೆ, ಆದರೆ ಗೊಣಗುವ ಪಾತ್ರ ಅವರದೇ.

130 ಪುಸ್ತಕ, ಹೆಚ್ಚುಕಡಿಮೆ ಒಂದೇ ಕಥೆ. ಹುಡುಗಿ ನೋಡಲು ಸಾಧಾರಣ, ಕೈಯಲ್ಲಿ ಕಾಸಿಲ್ಲ, ಕೆಲಸದಲ್ಲಿ ಮಾತ್ರ ಬಂಗಾರ. ಅವನು ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಡಚ್ ಪ್ರೊಫೆಸರ್, ಹೆಸರಿನ ನಡುವೆ ಒಂದು 'ವಾನ್ ಡರ್', ಹೊರಗೆ ಬೆಂಟ್ಲಿಯೋ ರೋಲ್ಸ್ ರಾಯ್ಸೋ, ಊರಲ್ಲಿ ಅರಮನೆಯಂಥ ಮನೆ, ಮನೆಯಲ್ಲಿ ನಾಯಿ, ಬಾಯಲ್ಲಿ ಮಾತಿಲ್ಲ. ಇವಳು ಟ್ರೇ ಹಿಡಿದು ಕಾರಿಡಾರಿನ ತಿರುವಿನಲ್ಲಿ ಓಡುತ್ತಾ ಬಂದು ಅವನೆದೆಗೆ ಡಿಕ್ಕಿ ಹೊಡೆಯುತ್ತಾಳೆ. ಅವನು ಹುಬ್ಬು ಮೇಲೆತ್ತಿ 'ನಿಧಾನ, ಸಿಸ್ಟರ್' ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು, ಮಿಕ್ಕ ಪುಟಗಳೆಲ್ಲ ಟೀ.

"ಅಲ್ಲ ಕಣ್ರೀ, ಪುಸ್ತಕವಿಡೀ ಸಿಸ್ಟರ್ ಸಿಸ್ಟರ್ ಅಂತ ಕರೆದು ಕೊನೇ ಪುಟದಲ್ಲಿ ಮದುವೆ ಆಗ್ತಾನಲ್ಲ, ಇವನಿಗೆ ರಾಖಿ ಕಟ್ಟೋರು ಯಾರೂ ಇರ್ಲಿಲ್ವಾ?" ಎಂದರು ಪಕ್ಕದ ಮನೆಯವರು.

"ಅಲ್ಲಿ ಸಿಸ್ಟರ್ ಅಂದ್ರೆ ಪೋಸ್ಟು ಕಣ್ರೀ. ಇಡೀ ವಾರ್ಡಿಗೆ ಯಜಮಾನಿ" ಎಂದರು ಚಿಕ್ಕಮ್ಮ. "ನಮ್ಮಲ್ಲಿ ಸಿಸ್ಟರ್ ಅಂತ ಕೂಗಿದ್ರೆ ಡ್ರಿಪ್ ಖಾಲಿ ಆಗಿದೆ ಅಂತ ಅರ್ಥ."

ಇಷ್ಟರಲ್ಲಿ ಇನ್ನೊಂದು ತಕರಾರು ಎದ್ದಿತು. ಕಥೆಯಲ್ಲಿ ಬರುವ ಇನ್ನೊಬ್ಬ ಸರ್ಜನ್ನನ್ನು ಎಲ್ಲರೂ 'ಮಿಸ್ಟರ್' ಎನ್ನುತ್ತಾರೆ, ಒಬ್ಬರೂ ಡಾಕ್ಟರ್ ಎನ್ನುವುದಿಲ್ಲ. ನಕಲಿ ವೈದ್ಯನೇ? ಅಲ್ಲ. ಬ್ರಿಟನ್ನಿನಲ್ಲಿ ಸರ್ಜನ್‌ಗಳೂ ಕ್ಷೌರಿಕರೂ 1745ರವರೆಗೆ ಒಂದೇ ಸಂಘದಲ್ಲಿದ್ದರು. ಯೂನಿವರ್ಸಿಟಿ ಪದವಿ ಇಲ್ಲದ್ದರಿಂದ ಅವರು ಬರೀ ಮಿಸ್ಟರ್. ಈಗ ಎಲ್ಲ ಪದವಿ ಇದ್ದರೂ ಆ ಚಾಳಿ ಬಿಟ್ಟಿಲ್ಲ. ವೈದ್ಯಕೀಯ ಓದಿ ಡಾಕ್ಟರಾಗುತ್ತಾರೆ, ಸರ್ಜರಿ ಪರೀಕ್ಷೆ ಪಾಸಾದ ದಿನ ಆ 'ಡಾ.' ಕಿತ್ತು ಹಾಕಿ ಮತ್ತೆ ಮಿಸ್ಟರ್ ಆಗುತ್ತಾರೆ. ಅದೇ ಅವರಿಗೆ ಹೆಮ್ಮೆ.

ಪಾಪ, ಅವರಿಗೆ ಗೊತ್ತಾಗುವುದಿಲ್ಲ. ನಮ್ಮ ಕಡೆ ಬಂದು ಕಲಿಯಬೇಕು. ಇಲ್ಲಿ ಮಿಸ್ಟರ್ ಆಗಿ ಹುಟ್ಟಿದವನು ಸಾಯುವುದರೊಳಗೆ ಡಾಕ್ಟರ್ ಆಗಲೇಬೇಕು. ಹೆಸರೇ ಕೇಳದ ವಿಶ್ವವಿದ್ಯಾಲಯ, ಹೋಟೆಲಿನ ಎ.ಸಿ. ಹಾಲ್, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಮಧ್ಯಾಹ್ನದ ಊಟದ ಹೊತ್ತಿಗೆ ಗೌರವ ಡಾಕ್ಟರೇಟ್. ಮಾರನೇ ದಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್. ಅದರಲ್ಲಿ ಹೆಸರಿಗಿಂತ 'ಡಾ.' ದೊಡ್ಡದು. ಇವರೂ ಕತ್ತರಿ ಹಿಡಿಯುತ್ತಾರೆ, ಉದ್ಘಾಟನೆಯ ಟೇಪು ಕತ್ತರಿಸಲು. ನಮ್ಮ ಬಡಾವಣೆಯಲ್ಲಿ ರಾತ್ರಿ ಎದೆನೋವು ಬಂದವನು 'ಡಾ.' ಬೋರ್ಡು ನೋಡಿ ಗೇಟು ತಟ್ಟಿದರೆ ಮಾತ್ರೆಯ ಬದಲು ಸೈಟಿನ ಬ್ರೋಷರ್ ಸಿಗುವ ಸಂಭವವೇ ಹೆಚ್ಚು. ಕಂತಿನಲ್ಲೂ ಕಟ್ಟಬಹುದು.

ಎಲ್ಲಿದ್ದೆ? ಟೀ. ಈ ಕಾದಂಬರಿಗಳಲ್ಲಿ ಟೀ ಬಂದಾಗಲೆಲ್ಲ ಅತ್ತಿಗೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಾರೆ. ಐದೈದರ ಕಟ್ಟು, ಹಾಲಿನವನ ಲೆಕ್ಕದ ಹಾಗೆ. ರೋಗಿಗಳ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ. "ಅಲ್ಲಾ, ಎರಡನೇ ಅಧ್ಯಾಯದಲ್ಲಿ ಒಬ್ಬನನ್ನ ಹರ್ನಿಯಾ ಅಂತ ಥಿಯೇಟರ್ ಒಳಗೆ ಕರ್ಕೊಂಡು ಹೋದ್ರಲ್ಲ, ಅವನು ಏನಾದ?" ಎಂದು ಕೇಳಿದೆ. ನಾಲ್ವರೂ ಮುಖ ಮುಖ ನೋಡಿಕೊಂಡರು. "ಡಿಸ್ಚಾರ್ಜ್ ಆಗಿರ್ತಾನೆ ಬಿಡಪ್ಪಾ" ಎಂದರು ಚಿಕ್ಕಮ್ಮ.

ಕೊನೆಯಲ್ಲಿ ಮದುವೆ, ರಾಜೀನಾಮೆ, ಹಾಲೆಂಡ್. ಇಲ್ಲಿ ನನಗೊಂದು ಸಂಶೋಧನೆ ಹೊಳೆಯಿತು. ಬ್ರಿಟನ್ನಿನಲ್ಲಿ ನರ್ಸುಗಳ ಕೊರತೆಗೆ ಆಯೋಗ, ಸಮಿತಿ, ವರದಿ ಎಲ್ಲ ಯಾಕೆ? ಕಾರಣ ಕಣ್ಣೆದುರಿಗೇ ಇದೆ. 130 ಪುಸ್ತಕ, ಪುಸ್ತಕಕ್ಕೊಬ್ಬಳಂತೆ ಚಿನ್ನದಂಥ ಹುಡುಗಿಯರನ್ನು ಡಚ್ ಪ್ರೊಫೆಸರುಗಳು ಬೆಂಟ್ಲಿಯಲ್ಲಿ ಕೂರಿಸಿಕೊಂಡು ಹೋಗಿಬಿಟ್ಟರು. (ಎಲ್ಲ ನಾಯಕಿಯರೂ ನರ್ಸುಗಳಲ್ಲ ಎಂದು ಅತ್ತಿಗೆ ತಿದ್ದಿದರು. ಸಂಶೋಧನೆ ಎಂದ ಮೇಲೆ ಅಷ್ಟಿಷ್ಟು ಇರುತ್ತದೆ.) ಆ ಖಾಲಿ ಜಾಗ ತುಂಬಲು ಹೋದವರು ಕೇರಳದವರು, ಮಂಗಳೂರಿನವರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರು. ನಮ್ಮ ಚಿಕ್ಕಮ್ಮನ ಮಗಳೂ ಅವರಲ್ಲೊಬ್ಬಳು. ಕಾದಂಬರಿಯ ಹುಡುಗಿಗೆ ದೊಡ್ಡ ಕಣ್ಣಿದ್ದರೆ ಸಾಕಿತ್ತು. ಇವಳಿಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದಲು, ಕೇಳಲು, ಮಾತಾಡಲು ಏಳೇಳು, ಬರೆಯಲು ಆರೂವರೆ ಬೇಕಾಯಿತು. ಬರವಣಿಗೆಯಲ್ಲಿ ಅರ್ಧ ಅಂಕ ಕಮ್ಮಿ ಬಿದ್ದು ಎರಡನೇ ಸಲ ಫೀಸು ಕಟ್ಟಿದಳು. ತಾನು ಓದಿದ ಮಿಲ್ಸ್ ಅಂಡ್ ಬೂನ್ ಪುಣ್ಯದಿಂದಲೇ ಮಗಳು ಪಾಸಾದದ್ದು ಎಂಬುದು ಚಿಕ್ಕಮ್ಮನ ವಾದ.

ಅದೇ ಹೊತ್ತಿಗೆ ಅವಳದೇ ವಿಡಿಯೋ ಕಾಲ್ ಬಂತು. ನಾಲ್ವರೂ ಫೋನಿಗೆ ಮುತ್ತಿಗೆ ಹಾಕಿದರು.

"ಏನೇ, ಪ್ರೊಫೆಸರ್ ಯಾರಾದ್ರೂ ಡಿಕ್ಕಿ ಹೊಡೆದ್ನಾ?"

"ಡಿಕ್ಕಿ ಹೊಡೆಯೋಕೆ ಜಾಗ ಎಲ್ಲಿದೆ ಅಮ್ಮಾ? ಎರಡೂ ಕಡೆ ಟ್ರಾಲಿ. ನಾನೇ ಅಡ್ಡಡ್ಡ ನಡೀತೀನಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನನಗೆ ಜಾಹೀರಾತು ನೆನಪಾದದ್ದು ಆಗ.

ವಾರ್ಡಿನಲ್ಲಿ ಮಂಚ ಸಾಲದೆ ರೋಗಿಗಳನ್ನು ಮಲಗಿಸುವ ಆ ಕಾರಿಡಾರಿಗೆ ಅಲ್ಲಿ ಒಂದು ಸರ್ಕಾರಿ ಹೆಸರನ್ನೂ ಕೊಟ್ಟಿದ್ದಾರೆ: 'ಟೆಂಪೊರರಿ ಎಸ್ಕಲೇಷನ್ ಸ್ಪೇಸ್', ಅಂದರೆ ಒತ್ತಡ ಏರಿದಾಗಿನ ತಾತ್ಕಾಲಿಕ ಜಾಗ. ಕಾರಿಡಾರ್ ಎನ್ನಬಾರದು. ಆ ಸ್ಪೇಸಿನಲ್ಲಿ ಸುರಕ್ಷಿತವಾಗಿ, ಗುಣಮಟ್ಟದಿಂದ ಶುಶ್ರೂಷೆ ಮಾಡುವುದು ಹೇಗೆ ಎಂದು 2024ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದ್ದಾರೆ. ಎಂಥಾ ಪ್ರತಿಭೆ! ನಮ್ಮ ವಿಧಾನಸೌಧದ ಗುಮಾಸ್ತರು ಇದನ್ನು ಓದಿದರೆ ಎದ್ದು ನಿಂತು ಕೈಮುಗಿಯುತ್ತಾರೆ. ರೋಗಿಯನ್ನು ನೆಲದ ಮೇಲೆ ಮಲಗಿಸಿ 'ಫ್ಲೋರ್ ಬೆಡ್' ಎಂದು ಬರೆದುಕೊಳ್ಳುವ ಮಟ್ಟಕ್ಕಷ್ಟೇ ನಾವಿನ್ನೂ ಮುಟ್ಟಿರುವುದು. 'ಎಸ್ಕಲೇಷನ್' ನಮ್ಮ ತಲೆಗೆ ಹೊಳೆದಿರಲಿಲ್ಲ.

ಜಾಹೀರಾತು ಬಂದ ಅದೇ ಜನವರಿಯಲ್ಲಿ ಅಲ್ಲಿನ ನರ್ಸುಗಳ ಸಂಘ ರಾಯಲ್ ಕಾಲೇಜ್ ಆಫ್ ನರ್ಸಿಂಗ್ 5,000ಕ್ಕೂ ಹೆಚ್ಚು ನರ್ಸುಗಳ ಮಾತು ಸೇರಿಸಿ 400ಕ್ಕೂ ಹೆಚ್ಚು ಪುಟಗಳ ವರದಿ ತಂದಿತು. ಉತ್ತರ ಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲು ಜನ ದಿನಾ ಇಂಥ ಜಾಗಗಳಲ್ಲೇ ರೋಗಿಗಳನ್ನು ನೋಡುತ್ತಾರೆ. ಆಕ್ಸಿಜನ್ ಇಲ್ಲ, ಪರದೆ ಇಲ್ಲ. ಓಡಾಡುವವರ ನಡುವೆ ಗರ್ಭಪಾತ. ಪ್ರಾಣ ಹೋದದ್ದು ಯಾರ ಗಮನಕ್ಕೂ ಬಾರದೆ ಗಂಟೆಗಟ್ಟಲೆ ಮಲಗಿದ್ದ ಹೆಣ. ಇದರ ಮೇಲೆ ತಮಾಷೆ ಮಾಡಲು ಕೂತವನು ನಾನು, ಆಗುತ್ತಿಲ್ಲ.

2020ರಲ್ಲಿ, ಕೊರೋನಾ ಹೊತ್ತಿಗೆ, ನರ್ಸು–ಡಾಕ್ಟರುಗಳಿಗೆಂದು ಬ್ರಿಟನ್ನಿನವರು ಹತ್ತು ಗುರುವಾರ ರಾತ್ರಿ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ನಾವು ಮಾರ್ಚ್ 22ರಂದು ತಟ್ಟೆ ಬಡಿದೆವು. ನಮ್ಮನೆಯ ಸ್ಟೀಲ್ ತಟ್ಟೆಯ ತಗ್ಗು ಇನ್ನೂ ಹಾಗೇ ಇದೆ. ಮಾರನೇ ವರ್ಷ ಅಲ್ಲಿನ ಸರ್ಕಾರ ಸಂಬಳ ಏರಿಕೆಗೆ ಮುಂದಿಟ್ಟ ಮೊತ್ತ ಶೇಕಡಾ 1. 2022ರ ಡಿಸೆಂಬರ್ 15ಕ್ಕೆ ಅದೇ ರಾಯಲ್ ಕಾಲೇಜಿನ ನರ್ಸುಗಳು, ಸಂಘದ 106 ವರ್ಷಗಳಲ್ಲೇ ಕಾಣದಷ್ಟು ದೊಡ್ಡ ಮುಷ್ಕರಕ್ಕೆ ಇಳಿದು ಬೀದಿಯಲ್ಲಿ ನಿಂತರು. ಅವರನ್ನು ಬಯ್ಯಲು ನಮಗೇನು ಯೋಗ್ಯತೆ? ಸುಪ್ರೀಂ ಕೋರ್ಟು ಹೇಳಿ ಮಾಡಿಸಿದ ಸಮಿತಿ, 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000ಕ್ಕೆ ಕಮ್ಮಿ ಕೊಡಬಾರದು ಎಂದು ಶಿಫಾರಸು ಮಾಡಿದ್ದು 2016ರಲ್ಲಿ. ನಿಮ್ಮೂರಿನ ನರ್ಸಿಂಗ್ ಹೋಮಿನಲ್ಲಿ ಇಂಜೆಕ್ಷನ್ ಕೊಡುವ ಹುಡುಗಿಯನ್ನು, ಕೈಗೆ ಎಷ್ಟು ಬರುತ್ತಮ್ಮಾ ಎಂದು ಕೇಳಿ ನೋಡಿ. ಬೇಡ, ಕೇಳಬೇಡಿ. ಸೂಜಿ ಚುಚ್ಚುವಾಗ ಅವಳ ಕೈ ನಡುಗುವುದು ನಿಮಗೇ ಒಳ್ಳೆಯದಲ್ಲ.

ಫೋನಿನಲ್ಲಿ ತಾಯಿ ಮಗಳದು ಇನ್ನೂ ನಡೆದಿತ್ತು. "ಅಲ್ಲ ಕಣೇ, ಕಾರಿಡಾರಿಗೆ ಬೆಡ್ ನಂಬರ್ ಇರಲ್ವಲ್ಲ, ಔಷಧಿ ಯಾರಿಗೆ ಅಂತ ಹ್ಯಾಗೆ ಗುರುತು ಇಟ್ಕೋತೀಯ?"

"ಕೈಪಟ್ಟಿ ನೋಡಿಯೇ ಕೊಡ್ತೀವಮ್ಮ. ನಮ್ಮನಮ್ಮಲ್ಲಿ ಮಾತ್ರ ಲಿಫ್ಟ್ ಎದುರಿನ ಅಜ್ಜಿ, ಕಾಫಿ ಮೆಷೀನ್ ಪಕ್ಕದ ತಾತ ಅಂತ."

"ನಮ್ಮಲ್ಲಿ ಮೆಟ್ಟಿಲ ಕೆಳಗಿನ ಅಜ್ಜಿ ಒಬ್ರಿದ್ರು" ಎಂದರು ಚಿಕ್ಕಮ್ಮ, ಹಳೇ ನೆಂಟರ ಸುದ್ದಿ ಹೇಳುವ ಹಾಗೆ.

ಅವಳ ಬ್ರೇಕ್ ಮುಗಿದು ಫೋನಿಟ್ಟಳು. ಮುಂದಿನ ತಿಂಗಳಿಗೆ ಯಾವುದು ಎಂಬ ಚರ್ಚೆ ಶುರುವಾಯಿತು. ಅತ್ತಿಗೆ ಅಂಚು ಹಳದಿಯಾದ ಇನ್ನೊಂದು ಪುಸ್ತಕ ತೆಗೆದರು. ರಕ್ಷಾಪುಟದಲ್ಲಿ ಬಿಳಿ ಕೋಟಿನವನು, ಟೋಪಿಯವಳು. ಪಕ್ಕದ ಮನೆಯವರು ಕೋಟಿನವನ ಗದ್ದ ನೋಡಿ ಲೊಚಗುಟ್ಟಿದರು. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನು ಮೂಗಿನ ಹತ್ತಿರ ಹಿಡಿದರು.

"ಅವನು ಹಾಳಾಗ್ಲಿ ಬಿಡ್ರೀ. ಹಿಂದೆ ವಾರ್ಡ್ ನೋಡ್ರೀ. ಒಂದು ಮಂಚ ಖಾಲಿ ಇದೆ."