ಹೇಳೋರು ಕೇಳೋರು ಇರುವುದು ಇಲಿಗೆ

ಫಾರ್ಮಕಾಲಜಿಯಲ್ಲಿ, ಅಂದರೆ ಮದ್ದುಗಳ ವಿಜ್ಞಾನದಲ್ಲಿ, ಪಿಎಚ್‌ಡಿ ಮಾಡುವ ಲ್ಯಾಬಿನಲ್ಲಿ ಎರಡು ಜೀವಗಳಿರುತ್ತವೆ. ಒಂದು ಇಲಿ, ಇನ್ನೊಂದು ವಿದ್ಯಾರ್ಥಿ. ಹೇಳೋರು ಕೇಳೋರು ಇರುವುದು ಇಲಿಗೆ ಮಾತ್ರ.

ಸುಮ್ನೆ ಹೇಳುತ್ತಿಲ್ಲ. ಇಲಿಗೆ 12 ಗಂಟೆ ಬೆಳಕು, 12 ಗಂಟೆ ಕತ್ತಲು. ಹದವಾದ ತಂಪು, ಬೇಕೆಂದಾಗ ಊಟ, ನೀರು. ಅದಕ್ಕೊಂದು ಸೂಜಿ ಚುಚ್ಚಬೇಕಾದರೂ ನೀತಿ ಸಮಿತಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ಆರೇ ಇಲಿ ಯಾಕೆ, ಐದು ಸಾಲದೇ? ನೋವಾದರೆ ಏನು ಮಾಡುತ್ತೀರಿ? ಇಲಿಯೇ ಇಲ್ಲದೆ ಆಗುವುದಿಲ್ಲವೇ? 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು ಹಾಕಿಕೊಟ್ಟ ದಾರಿ ಇದು. ಒಳ್ಳೆಯ ದಾರಿಯೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆರನೇ ವರ್ಷಕ್ಕೆ ಕಾಲಿಟ್ಟ ವಿದ್ಯಾರ್ಥಿಯನ್ನು ತೋರಿಸಿ, "ಇವನಿಗೆ ನೋವು ಕಡಿಮೆ ಮಾಡಲು ಏನು ಏರ್ಪಾಡು?" ಎಂದು ಯಾವ ಸಮಿತಿಯೂ ಕೇಳಿದ್ದನ್ನು ನಾನು ಕಾಣೆ.

ಅವನಿಗಿರುವುದು ಬೇರೆ ಸಮಿತಿಗಳು. ಕೋರ್ಸ್‌ವರ್ಕ್, ಅರ್ಹತಾ ಪರೀಕ್ಷೆ, ಸಿನಾಪ್ಸಿಸ್, ಸೆಮಿನಾರ್, ಪ್ರತಿಯೊಂದಕ್ಕೂ ಸಹಿ. ಆಮೇಲೆ ಪೇಪರ್ ಅಚ್ಚಾಗಬೇಕು. ಇಲ್ಲೊಂದು ಮಜಾ ಇದೆ. ಮದ್ದು ಕೆಲಸ ಮಾಡಿದರೆ ಪೇಪರ್. ಮಾಡದಿದ್ದರೆ, ಅದನ್ನು ಎಷ್ಟೇ ಚೆನ್ನಾಗಿ ಸಾಬೀತು ಮಾಡಿದ್ದರೂ, ಜರ್ನಲ್‌ನವರಿಗೆ ಆಕಳಿಕೆ. ಅಂದರೆ ಡಿಗ್ರಿ ನಿಂತಿರುವುದು ವಿದ್ಯಾರ್ಥಿಯ ಬುದ್ಧಿಯ ಮೇಲಲ್ಲ, ಇಲಿಯ ಲಿವರಿನ ಮೇಲೆ. ಫಲಿತಾಂಶ ಬರೀ ಆಕಸ್ಮಿಕವೇ ಎಂದು ತೂಗಿ ನೋಡುವ ಪಿ ವ್ಯಾಲ್ಯೂಗೆ ವಾಡಿಕೆಯ ಗಡಿ 0.05. ಅದು 0.04 ಬಂದರೆ ಡಾಕ್ಟರು. 0.06 ಬಂದರೆ ಇನ್ನೊಂದು ವರ್ಷ ಪಂಜರ ತೊಳೆಯಿರಿ.

ಕೊನೆಗೆ ಬೇರೆಯವರ ಬರಹದ ಕಳ್ಳತನ ಹಿಡಿಯುವ ಸಾಫ್ಟ್‌ವೇರ್. "ಇಲಿಗಳಿಗೆ ನೀರು ಮತ್ತು ಆಹಾರ ಕೊಡಲಾಯಿತು" ಎಂದು ಬರೆದರೆ ಸಾಲಿಗೆ ಕೆಂಪು ಬಣ್ಣ. ಲೋಕದ ಇಲಿಗಳೆಲ್ಲ ನೀರು ಕುಡಿಯುತ್ತವೆ, ಏನು ಮಾಡುವುದು? ಹುಡುಗ ರಾತ್ರಿಯೆಲ್ಲ ಕೂತು ತಿದ್ದುತ್ತಾನೆ: "ಮೂಷಿಕಗಳು ಬಾಯಾರಿಕೆಯಿಂದ ಬಳಲಲಿಲ್ಲ." ಈಗ ಹಸಿರು. ವಿಜ್ಞಾನ ಒಂದು ಹೆಜ್ಜೆ ಮುಂದೆ ಹೋಯಿತು.

ಗರ್ಟ್ರೂಡ್ ಎಲಿಯನ್ ಗೊತ್ತಲ್ವಾ? ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ 6-ಮರ್ಕ್ಯಾಪ್ಟೋಪ್ಯೂರಿನ್, ಕಿಡ್ನಿ ಕಸಿಯಾದವರಿಗೆ ಅಝಥಯೋಪ್ರಿನ್, ಈ ಎರಡು ಮದ್ದುಗಳ ಹಿಂದೆಯೂ ಅವರ ಕೈಯಿದೆ. ಕೆಲಸ ಮಾಡುತ್ತಲೇ ಪಿಎಚ್‌ಡಿಗೆ ಓದುತ್ತಿದ್ದರು. ಕೆಲಸ ಬಿಟ್ಟು ಪೂರ್ತಿ ಹೊತ್ತು ಬರಬೇಕು ಎಂದರು ಓದುತ್ತಿದ್ದ ಕಾಲೇಜಿನವರು. ಎಲಿಯನ್ ಪಿಎಚ್‌ಡಿಯನ್ನೇ ಬಿಟ್ಟರು. 1988ರಲ್ಲಿ ನೊಬೆಲ್ ಬಂತು.

ಅವರೇ ಇವತ್ತು ಗೈಡ್ ಆಗಲು ಅರ್ಜಿ ಹಿಡಿದು ಬಂದರೆ ಆಫೀಸಿನ ಗುಮಾಸ್ತ ಕನ್ನಡಕದ ಮೇಲಿಂದ ನೋಡುತ್ತಾನೆ.

"ನೊಬೆಲ್ ಸರಿ ಮೇಡಂ. ಪಿಎಚ್‌ಡಿ ಸರ್ಟಿಫಿಕೇಟ್ ಎಲ್ಲಿ?"

"ಇಲ್ಲಪ್ಪ."

"ಹಾಗಾದ್ರೆ ಕಷ್ಟ. ಇಲಿ ಮನೆ ನೋಡಿಕೊಳ್ಳೋರ ಕೆಲಸ ಒಂದು ಖಾಲಿ ಇದೆ. ಅದಕ್ಕೆ ಹಾಕಿ ನೋಡಿ."